ಓಲೆಯಮ್ಮನ ಅರ್ಚಕರಿಗೆ ಯಾವ ನಿಯಮ?

ಪ್ರಶ್ನೆ: ಮಲೆನಾಡಿನ ಹಿನ್ನೆಲೆಯಲ್ಲಿ ಒಂದು ಕಾಲ್ಪನಿಕ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಓಲೆಯಮ್ಮ ಎಂಬ ಜ್ಞಾನದೇವತೆ, ಆಕೆಯ ಓಲೆಗರಿ ಗ್ರಂಥಗಳ ಭಂಡಾರ, ಅದನ್ನು ಕಾಯುವ ನಲವತ್ತು ಮಂದಿ ಅರ್ಚಕರು ಇದ್ದಾರೆ. ನಮ್ಮ ಹಾಸನಾಂಬೆಯ ಗುಡಿಯಂತೆ ಆ ಭಂಡಾರದ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ. ಪಾಠ ತಪ್ಪಿದ ಅರ್ಚಕನ ನಾಲಗೆ ಕತ್ತರಿಸುತ್ತಾರೆ. ಓದಿದ ಗೆಳೆಯರು, ‘ಇವರು ಅರ್ಚಕರಲ್ಲ, ಸಿಪಾಯಿಗಳು’ ಎನ್ನುತ್ತಾರೆ. ಶಿಸ್ತನ್ನು ನಂಬುವಂತೆ ಬರೆಯುವುದು ಹೇಗೆ? ಹೊರಗಿನ ಹುಡುಗಿಯೊಬ್ಬಳು ಓದಲು ಬಂದರೆ ಅವರು ಏನು ಮಾಡಬೇಕು?
— ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. ನಿಮ್ಮ ಅರ್ಚಕರು ಯಾವುದಕ್ಕೆ ಹೆದರುತ್ತಾರೆ ಎಂಬುದನ್ನು ನೀವು ಇನ್ನೂ ತೀರ್ಮಾನಿಸಿದಂತಿಲ್ಲ. ಹಿರಿಯ ಅರ್ಚಕನಿಗೆ ಹೆದರಿ ನಡೆಯುವವರು ಸಿಪಾಯಿಗಳಂತೆಯೇ ಕಾಣುತ್ತಾರೆ. ತಮ್ಮ ಕೈಯಲ್ಲಿ ಗ್ರಂಥ ಹಾಳಾದೀತೆಂದು ಹೆದರುವವರ ನಡೆನುಡಿಯೇ ಬೇರೆ.

ಮೊದಲು ಬಾಗಿಲಿನ ವಿಷಯ. ಹಾಸನಾಂಬೆಯ ಗುಡಿ ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆದು ದೀಪಾವಳಿ ಮುಗಿಯುವ ಹೊತ್ತಿಗೆ ಮುಚ್ಚುತ್ತದೆ, ಆಗ ಹಚ್ಚಿಟ್ಟ ದೀಪ ಮರುವರ್ಷ ಬಾಗಿಲು ತೆರೆಯುವಾಗಲೂ ಉರಿಯುತ್ತಿರುತ್ತದೆ ಎಂಬುದು ಭಕ್ತರ ನಂಬಿಕೆ. ಹುತ್ತದ ರೂಪದಲ್ಲಿ ನೆಲೆಸಿದ ತಾಯಿಗೆ ಆ ಕತ್ತಲು ಒಪ್ಪುತ್ತದೆ, ಓಲೆಗರಿಗೆ ಒಪ್ಪುವುದಿಲ್ಲ. ಮೂಡಿಗೆರೆ ಕಡೆಯ ನಮ್ಮ ಅಜ್ಜಿಯ ಮನೆಯ ಅಟ್ಟದಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕಟ್ಟು ಇತ್ತು. ದೇವರ ವಸ್ತುವೆಂಬ ಭಕ್ತಿಯಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ನಾನು ಬಿಚ್ಚಿದಾಗ ಮೊದಲು ಬಂದದ್ದು ಬೂಷ್ಟಿನ ವಾಸನೆ. ಹುಳವೊಂದು ಮೇಲಿನ ಗರಿಯಿಂದ ಕೆಳಗಿನ ಗರಿಯ ತನಕ ನೇರವಾಗಿ ಕೊರೆದುಕೊಂಡು ಹೋಗಿತ್ತು. ಆದ್ದರಿಂದ ಪ್ರತಿಯೊಂದು ಗರಿಯಲ್ಲಿಯೂ ಮೂರನೆಯ ಸಾಲಿನ ಅದೇ ಜಾಗದ ಅಕ್ಷರ ಇರಲಿಲ್ಲ. ಆ ತೂತಿನ ಮೂಲಕ ಬೆಳಕು ಕಾಣುತ್ತಿದ್ದುದನ್ನು ನೆನೆದರೆ ಇಂದಿಗೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದುದರಿಂದ ನಿಮ್ಮ ಅರ್ಚಕರ ವ್ರತ ಬಾಗಿಲು ಮುಚ್ಚುವುದರಲ್ಲಿ ಇರದೆ ಕಟ್ಟು ಬಿಚ್ಚುವುದರಲ್ಲಿ ಇರಲಿ. ಮಳೆಗಾಲ ಕಳೆದ ಮೇಲೆ ಗರಿಗಳನ್ನು ನೆರಳಿನಲ್ಲಿ ಹರಡಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ನಿಂಬೆಹುಲ್ಲಿನ ಎಣ್ಣೆ ಸವರಿ, ಮಾಸಿದ ಅಕ್ಷರಗಳಿಗೆ ದೀಪದ ಮಸಿ ತುಂಬಿ, ಹಲಗೆಗಳ ನಡುವೆ ಬಿಗಿಯಾಗಿ ಕಟ್ಟುವ ಕೆಲಸವನ್ನೇ ಪೂಜಾವಿಧಿಯಾಗಿ ಬರೆಯಿರಿ. ಇದಕ್ಕೆ ಆಧಾರ ದೂರವೇನಿಲ್ಲ. ಜೈನರು ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿ ಎಂದು ಆಚರಿಸಿ ಗ್ರಂಥಗಳನ್ನೇ ಪೂಜಿಸುತ್ತಾರೆ. ಹಳೆಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆಯುತ್ತಿದ್ದ ಶ್ಲೋಕವೊಂದರಲ್ಲಿ ಪುಸ್ತಕವೇ ಮಾತನಾಡಿ, ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ನನ್ನನ್ನು ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಎಂದು ಬೇಡಿಕೊಳ್ಳುತ್ತದೆ. (ಅಲ್ಲಿ ಹೇಳಿದ ಎಣ್ಣೆ ದೀಪದಿಂದ ಚೆಲ್ಲುವ ಎಣ್ಣೆ ಇರಬೇಕು.) ಓಲೆಯಮ್ಮನ ನಿಯಮಗಳೆಲ್ಲ ಈ ಒಂದು ಬೇಡಿಕೆಯಿಂದ ಹುಟ್ಟಬಹುದು.

ನಾಲಗೆ ಕತ್ತರಿಸುವ ಶಿಕ್ಷೆಯನ್ನು ದಯವಿಟ್ಟು ಕೈಬಿಡಿ. ನಾಲಗೆ ಹೋದ ಅರ್ಚಕನೊಂದಿಗೆ ಅವನು ಕಲಿತ ಪಾಠವೂ ಹೋಗುತ್ತದೆಯಲ್ಲವೇ? ವೇದಪಾಠದ ಪರಂಪರೆ ತಪ್ಪನ್ನು ತಡೆಯಲು ಕಂಡುಕೊಂಡ ದಾರಿ ಇದಕ್ಕಿಂತ ಬಹಳ ಕಠಿಣವೂ ಸುಂದರವೂ ಆದದ್ದು. ಘನಪಾಠದಲ್ಲಿ ಪದಗಳನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು ಎಂದು ಹಿಂದುಮುಂದಾಗಿ ಹೆಣೆಯುತ್ತಾ ಸಾಗಬೇಕು. ಒಂದು ಪದ ಜಾರಿದರೂ ಹೆಣಿಗೆ ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ, ಜೊತೆಗೆ ಹೇಳುತ್ತಿರುವವರೆಲ್ಲರಿಗೂ ತಿಳಿಯುತ್ತದೆ. ನಿಮ್ಮ ಅರ್ಚಕ ತಪ್ಪಿದಾಗ ನಲವತ್ತು ಮಂದಿಯೂ ಥಟ್ಟನೆ ಮೌನವಾಗಿ, ಮೊದಲಿನಿಂದ ಮತ್ತೆ ಆರಂಭಿಸಲಿ. ಬೆಳಗಿನ ಜಾವದ ಚಳಿಯಲ್ಲಿ ಆ ಮೌನವನ್ನು ಎದುರಿಸುವವನಿಗೆ ಕತ್ತಿ ಬೇಕಾಗಿಲ್ಲ. ಹಾಗೆಯೇ ಪಾಡ್ಯ, ಅಷ್ಟಮಿ, ಚತುರ್ದಶಿಯಂಥ ಅನಧ್ಯಯನದ ದಿನಗಳನ್ನೂ ಅವರಿಗೆ ಕೊಡಿ. ನವರಾತ್ರಿಯಲ್ಲಿ ಸರಸ್ವತಿಯ ಮುಂದೆ ಪುಸ್ತಕವಿಟ್ಟು, ವಿಸರ್ಜನೆಯ ತನಕ ಓದದೆ ಇರುವ ಮನೆಗಳಲ್ಲಿ ಬೆಳೆದವರಿಗೆ ಆ ಬಿಡುವಿನ ಸಂತೋಷ ಗೊತ್ತು.

ದೇವಿಯ ಮುಖವನ್ನು ಅಷ್ಟೊಂದು ಗಂಟಿಕ್ಕಿಸಬೇಡಿ. 1121ರಲ್ಲಿ ಕಟ್ಟಲು ತೊಡಗಿದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಸರಸ್ವತಿ ನರ್ತಿಸುತ್ತಿದ್ದಾಳೆ. ಇತ್ತ ಶೃಂಗೇರಿಯಲ್ಲಿ ಪುಟ್ಟ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಷರಾಭ್ಯಾಸ ಮಾಡಿಸಲು ತಂದೆತಾಯಂದಿರು ಶಾರದೆಯ ಸನ್ನಿಧಿಗೆ ಬರುತ್ತಾರೆ.

ಇನ್ನು ಆ ಹುಡುಗಿಯ ಮಾತು. ನಿಮ್ಮ ಕಾದಂಬರಿಯ ಜೀವ ಇಲ್ಲಿಯೇ ಇದೆ ಎಂದು ನಾನು ಭಾವಿಸುತ್ತೇನೆ. ‘ಮೂರ್ಖನ ಕೈಗೆ ಕೊಡಬೇಡ’ ಎಂಬ ಮಾತನ್ನು ಹಿಡಿದುಕೊಂಡು ಹಿರಿಯ ಅರ್ಚಕ ಅವಳನ್ನು ಹೊರಗಿಡಬಲ್ಲ, ಮತ್ತು ಅವನ ಭಯ ಪ್ರಾಮಾಣಿಕವಾದದ್ದೇ ಆಗಿರಬಹುದು. ಆದರೆ ಇನ್ನೊಬ್ಬ ಅರ್ಚಕ ಅತ್ತಿಮಬ್ಬೆಯನ್ನು ನೆನೆಯಲಿ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ತಾಯಿಗೆ, ಒಂದೇ ಪ್ರತಿಯನ್ನು ಎಷ್ಟು ಜೋಪಾನ ಮಾಡಿದರೂ ಒಂದು ಹುಳ ಸಾಕು ಎಂಬುದು ತಿಳಿದಿತ್ತು. ಹುಡುಗಿ ಬರುವ ದಿನ ಗರಿಗಳು ಜಗಲಿಯ ನೆರಳಿನಲ್ಲಿ ಹರಡಿರಲಿ. ಅರ್ಚಕ ಅವಳಿಗೆ ತೂತು ಬಿದ್ದ ಗರಿಯೊಂದನ್ನು ಕೊಟ್ಟು, ಕಳೆದುಹೋದ ಅಕ್ಷರ ಯಾವುದಿರಬಹುದೆಂದು ಕೇಳಲಿ. ಅವಳು ಸಾಲನ್ನು ಗಟ್ಟಿಯಾಗಿ ಓದಿ, ತಡೆದು, ಮತ್ತೊಮ್ಮೆ ಓದಿ ಆ ಅಕ್ಷರವನ್ನು ಹೇಳಿದ ಮೇಲೆ ಅವನು ಗರಿಯ ಮೇಲೆ ಅಕ್ಷರ ಕೊರೆಯುವ ಕಂಠವನ್ನೂ ಒಂದು ಖಾಲಿ ಗರಿಯನ್ನೂ ಅವಳ ಮುಂದಿಡಲಿ.