ಪ್ರತಿ: ಒಣದ್ರಾಕ್ಷಿ ದರದ ಆ್ಯಪ್‌ನಲ್ಲಿ ಬಟನ್ ಯಾರೂ ಒತ್ತುತ್ತಿಲ್ಲ

ವಿಜಯಪುರದ ರೈತರಿಗೆ 'ಇವತ್ತಿನ ದರ' ಬಟನ್ ಸಿಗುತ್ತಿಲ್ಲ ಅಂದಿರಲ್ಲ, ಅದು ಬಟನ್ ಥರ ಕಾಣದಿರುವುದೇ ಬಹುತೇಕ ಕಾರಣ. ಬಿಳಿ ಪರದೆ ಮೇಲೆ #F2F2F2 ಎಂಬ ಬಣ್ಣಸಂಕೇತದ ತೀರಾ ತೆಳು ಬೂದು ಚೌಕ, ಒಳಗೆ #999999 ಬೂದು ಅಕ್ಷರ ಅಂತ ನೀವೇ ಬರೆದಿದ್ದೀರಿ. ಬಿಸಿಲಿಗೆ ಚೌಕವೇ ಮಾಯ. ಅಕ್ಷರದ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ) ಸುಮಾರು 2.5:1 ಬರುತ್ತದೆ, ಬೇಕಾದ್ದು ಕನಿಷ್ಠ 4.5:1.

ಮೊದಲು ಬಟನ್‌ಗೆ ಕಡುನೀಲಿ ತುಂಬಿ, ಬಿಳಿ ಅಕ್ಷರ ಇಡಿ. ಆ ನೀಲಿ ಒತ್ತುವ ಜಾಗಗಳಿಗಷ್ಟೇ ಮೀಸಲು. ಶೀರ್ಷಿಕೆಯೂ ನೀಲಿ ಇದ್ದರೆ ಜನ ಅದನ್ನೇ ಒತ್ತುತ್ತಾರೆ. ನಂತರ ಎತ್ತರ ಕನಿಷ್ಠ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಮಾನ) ಮಾಡಿ. ಒತ್ತಿದ ಕೂಡಲೇ ಬಣ್ಣ ಬದಲಾಗಲಿ, ಇಲ್ಲವಾದರೆ ನೆಟ್ ನಿಧಾನ ಇದ್ದಾಗ ನಾಲ್ಕು ಸಲ ಒತ್ತುತ್ತಾರೆ. ಸಣ್ಣ ನೆರಳು ಹಾಕಿದರೆ ಫ್ಲ್ಯಾಟ್ ಡಿಸೈನ್ (ಉಬ್ಬು-ನೆರಳಿಲ್ಲದ ಸಪಾಟು ವಿನ್ಯಾಸ) ಏನೂ ಕೆಡುವುದಿಲ್ಲ, ಹಾಕಿ. ಸಾಲಿನ ಎತ್ತರ ಅಕ್ಷರದ ಗಾತ್ರದ 1.5 ಪಟ್ಟು ಇರಲಿ; ಬಿಗಿಯಾದರೆ 'ದ್ರಾಕ್ಷಿ'ಯ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತದೆ.

ಆಮೇಲೆ ಎಪಿಎಂಸಿ ಅಂಗಳದಲ್ಲಿ, ಬಿಸಿಲಲ್ಲೇ, ಒಬ್ಬರ ಕೈಗೆ ಫೋನ್ ಕೊಟ್ಟು 'ಇವತ್ತಿನ ದರ ತೆಗೀರಿ' ಅಂತಷ್ಟೇ ಹೇಳಿ. ಬೆರಳು ಮೊದಲು ಎಲ್ಲಿಗೆ ಹೋಗುತ್ತದೆ ನೋಡಿ. ಆಗಲೂ ತಡಕಾಡಿದರೆ ತೊಂದರೆ ಬಣ್ಣದ್ದಲ್ಲ, ಜಾಗದ್ದಿರಬಹುದು. ಸ್ಕ್ರಾಲ್ ಮಾಡದೆ ಕಾಣುವ ಹಾಗೆ ಬಟನ್ ಮೇಲಕ್ಕೆ ತನ್ನಿ.