ಎಕ್ಸೆಲ್ ಪುಸ್ತಕಪಟ್ಟಿಯಲ್ಲಿ ಕನ್ನಡ ಹೋಗಿ ???? ಬರುವುದು
ಎಕ್ಸೆಲ್ ಪುಸ್ತಕಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲ್) ಮಾಡಿದರೆ ಕನ್ನಡ ಶೀರ್ಷಿಕೆ ???? ಆಗುತ್ತೆ, ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) 9.78E+12 ಆಗುತ್ತೆ ಅಂದಿರಿ. ಎರಡೂ ಬೇರೆ ಬೇರೆ ಕಾಯಿಲೆ.

ಶೀರ್ಷಿಕೆಗೆ, ಸೇವ್ ಆ್ಯಸ್‌ನಲ್ಲಿ ಬರೀ 'ಸಿಎಸ್‌ವಿ' ಬಿಟ್ಟು 'ಸಿಎಸ್‌ವಿ ಯುಟಿಎಫ್-8' (ಕನ್ನಡ ಅಕ್ಷರಗಳನ್ನೂ ಉಳಿಸುವ ಬಗೆ) ಆರಿಸಿ. ಈಗಾಗಲೇ ???? ಆದ ಫೈಲ್‌ನಿಂದ ಅಕ್ಷರ ವಾಪಸ್ ಬರೋಲ್ಲ, ಮೂಲ ಎಕ್ಸೆಲ್ ಫೈಲ್‌ನಿಂದಲೇ ಮತ್ತೆ ಮಾಡಬೇಕು.

ಐಎಸ್‌ಬಿಎನ್ ಸ್ವಲ್ಪ ಮೋಸದ್ದು. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು, ಪರದೆಯಲ್ಲಿ ಕಂಡಷ್ಟನ್ನೇ ಸಿಎಸ್‌ವಿಗೆ ಬರೆಯುತ್ತೆ. ಮೂಲ ಫೈಲ್‌ನಲ್ಲಿ 13 ಅಂಕಿಯೂ ಇರುತ್ತವೆ. ಆ ಕಾಲಂ ಆರಿಸಿ, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ನಂಬರ್, ದಶಮಾಂಶ 0 ಕೊಟ್ಟು ಸೇವ್ ಮಾಡಿ. 10 ಅಂಕಿಯ ಹಳೇ ಐಎಸ್‌ಬಿಎನ್ ಸೊನ್ನೆಯಿಂದ ಶುರುವಾದರೆ ಆ ಸೊನ್ನೆಯೇ ಹಾರಿಹೋಗುತ್ತೆ, ಹಾಗಾಗಿ ಮುಂದೆ ಟೈಪ್ ಮಾಡುವ ಮೊದಲೇ ಕಾಲಂ 'ಟೆಕ್ಸ್ಟ್' ಮಾಡಿಡಿ.

ಆದದ್ದನ್ನು ನೋಟ್‌ಪ್ಯಾಡ್‌ನಲ್ಲಿ ನೋಡಿ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಒತ್ತಿದರೆ ಐಎಸ್‌ಬಿಎನ್‌ಗೆ ಮತ್ತದೇ ಗತಿ.