ಕೊನೆಗೌಡನಿಗೆ ‘ಅಡ್ಡಿಲ್ಲ’, ಹೆಂಡತಿಗೆ ಬಟ್ಟಲು

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯವನು, ವಯಸ್ಸು 43. ಎರಡು ಎಕರೆ ಅಡಿಕೆ ತೋಟ ಇದೆ. ಸಿಟ್ಟು ಬಂದರೆ ನನಗೆ ಏನೂ ಕಾಣುವುದಿಲ್ಲ. ಈ ಮಳೆಗಾಲದಲ್ಲಿ ಎರಡನೇ ಸಲ ಮದ್ದು ಹೊಡೆಯಲು ಬರುತ್ತೇನೆ ಎಂದಿದ್ದ ಕೊನೆಗೌಡ (ಅಡಿಕೆ ಮರ ಹತ್ತುವವನು) ಕೈಕೊಟ್ಟ. ‘ಅಡ್ಡಿಲ್ಲ, ನಾಳೆ ಬಾ’ ಎಂದು ಫೋನಿಟ್ಟೆ. ಊಟಕ್ಕೆ ಕೂತಾಗ ಹೆಂಡತಿ ಮಗಳ ಕಾಲೇಜು ಫೀಸಿನ ಮಾತೆತ್ತಿದಳು. ಬಟ್ಟಲು ಎತ್ತಿ ಎಸೆದೆ. ಇದುವರೆಗೆ ಯಾರಿಗೂ ಹೊಡೆದಿಲ್ಲ. ಆದರೆ ಮಗಳು ಈಗ ನನ್ನ ಬೈಕಿನ ಸದ್ದು ಕೇಳಿದರೆ ಒಳಗೆ ಹೋಗಿಬಿಡುತ್ತಾಳೆ. ನಮ್ಮ ಅಪ್ಪನೂ ಹೀಗೇ ಇದ್ದರು. ರಕ್ತದಲ್ಲೇ ಬಂದದ್ದಕ್ಕೆ ಏನು ಮಾಡುವುದು? ಸಿಟ್ಟನ್ನು ಒಳಗಿಟ್ಟುಕೊಳ್ಳಬಾರದು, ಹೊರಹಾಕಬೇಕು ಎನ್ನುತ್ತಾರೆ ಗೆಳೆಯರು.

ಉತ್ತರ: ಏನೂ ಕಾಣುವುದಿಲ್ಲ ಎಂದಿದ್ದೀರಿ. ಎಲ್ಲಾ ಕಾಣುತ್ತದೆ. ಕೊನೆಗೌಡನಿಗೆ ಬೈದರೆ ನಾಳೆಯೂ ಬರುವುದಿಲ್ಲ ಅನ್ನುವುದು ಸರಿಯಾಗಿಯೇ ಕಂಡಿದೆ. ಮರ ಹತ್ತುವವರು ಸಿಗದ ಕಾಲ ಇದು. ಹೆಂಡತಿಯಾದರೆ ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡಿದ್ದೀರಿ, ಅಲ್ವಾ? ವ್ಯಾಪಾರಿ ರಾಶಿ ಅಡಿಕೆಗೆ ಕಡಿಮೆ ದರ ಹೇಳಿದಾಗಲೂ ನೀವು ಚೀಲ ಎಸೆದಿರಲಿಕ್ಕಿಲ್ಲ. ತಡೆದುಕೊಳ್ಳುವುದು ನಿಮಗೆ ಬರುತ್ತದೆ. ಬೇಗ ಸಿಡುಕುವ ಸ್ವಭಾವ ಅಪ್ಪನಿಂದ ಬಂದಿರಬಹುದು. ಬಟ್ಟಲು ಎಸೆಯುವುದು ನೋಡಿ ಕಲಿತದ್ದು. ಈಗ ನಿಮ್ಮ ಮಗಳು ನೋಡುತ್ತಿದ್ದಾಳೆ.

ಹಾಗಂತ ನಿಮ್ಮ ಸಂಕಟ ಸುಳ್ಳಲ್ಲ. ಕೊಳೆರೋಗ ಬಾರದಂತೆ ಬೋರ್ಡೋ ಮದ್ದು ಹೊಡೆದ 40-45 ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು. ಮಳೆ ಬಿಡುವುದಿಲ್ಲ, ಬಿಟ್ಟ ದಿನ ಆಳಿಲ್ಲ. ಕೊಳೆ ಹತ್ತಿದರೆ ವರ್ಷದ ಫಸಲು ಮರದ ಬುಡಕ್ಕೆ. ಅಂಥ ಹೊತ್ತಿನಲ್ಲಿ ಫೀಸಿನ ಮಾತು ಬಂತು. ಆಗ ಎದ್ದದ್ದು ಹೆಚ್ಚಾಗಿ ಹೆದರಿಕೆ ಅಂತ ನನಗನ್ನಿಸುತ್ತದೆ. ‘ದುಡ್ಡು ಹೊಂದಿಸಲು ಆಗುತ್ತದೋ ಇಲ್ಲವೋ, ಹೆದರಿಕೆ ಆಗ್ತಿದೆ’ ಎಂದು ಹೆಂಡತಿಯ ಹತ್ತಿರ ಹೇಳಲು ಗಂಡಸರಿಗೆ ನಾಚಿಕೆ. ಬಟ್ಟಲು ಎಸೆಯಲು ನಾಚಿಕೆಯಿಲ್ಲ! (ಈ ವಿಷಯದಲ್ಲಿ ಘಟ್ಟದ ಮೇಲಿನವರು, ಕೆಳಗಿನವರು ಎಂಬ ಭೇದವಿಲ್ಲ.)

ಗೆಳೆಯರ ಮಾತು ಕೇಳಬೇಡಿ. 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 154 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಎದೆಬಡಿತ ಏರಿಸುವ ಕೆಲಸಗಳಿಂದ ಒಟ್ಟಾರೆ ಸಿಟ್ಟು ಇಳಿಯಲಿಲ್ಲ. ಓಡುವುದರಿಂದ ಕೆಲವೊಮ್ಮೆ ಜಾಸ್ತಿಯೇ ಆಯಿತು. ಇಳಿಸಿದ್ದು ನಿಧಾನದ ಉಸಿರಾಟ, ಧ್ಯಾನದಂಥವು. ಹಾಗಾಗಿ ಕತ್ತಿ ಹಿಡಿದು ಸೌದೆ ಕಡಿಯಲು ಹೋಗಬೇಡಿ.

ದವಡೆ ಬಿಗಿಯಾಗುವುದು, ಕಿವಿ ಬಿಸಿಯಾಗುವುದು ನಿಮಗೂ ಗೊತ್ತಾಗುತ್ತಿರಬೇಕು. ಆಗಲೇ ‘ಈಗ ಮಾತಾಡಿದ್ರೆ ಜಗಳ ಆಗ್ತದೆ, ಅರ್ಧ ಗಂಟೆ ಬಿಟ್ಟು ಬರ್ತೇನೆ’ ಎಂದು ಹೇಳಿ ಅಂಗಳಕ್ಕೆ ಹೋಗಿ. ಹೇಳದೆ ದಡಬಡ ಎದ್ದುಹೋದರೆ ಅದೂ ಬೆದರಿಕೆಯೇ. ಹೊರಗೆ ನಿಂತು ಅವರು ಹಾಗಂದರು, ಹೀಗಂದರು ಎಂದು ಮೆಲುಕು ಹಾಕಿದರೆ ಹೋದದ್ದು ದಂಡ. ಉಸಿರು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಬಿಡಿ, ಸುಮ್ನೆ ಓಡಾಡಿ. ಹೇಳಿದ ಹೊತ್ತಿಗೆ ವಾಪಸ್ ಬಂದು ಫೀಸಿನ ಮಾತು ಮುಗಿಸಿ. ಇದು ತಪ್ಪಿಸಿಕೊಳ್ಳುವ ದಾರಿಯಾಗಬಾರದು. ತೋಟದಿಂದ ಹಸಿದು ಬಂದಾಗ ದುಡ್ಡಿನ ಲೆಕ್ಕ ಬೇಡ, ರಾತ್ರಿ ಊಟದ ನಂತರ ಇಬ್ಬರೂ ಕೂರೋಣ ಎಂದು ಮೊದಲೇ ಮಾತಾಡಿಕೊಳ್ಳಿ. ಲೆಕ್ಕದ ಪುಸ್ತಕ ಅವರ ಮುಂದೆಯೂ ತೆರೆಯಿರಿ.

‘ಹೊಡೆದಿಲ್ಲ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬೈಗುಳ, ಅವಮಾನವನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ. ಹೆಂಡತಿ, ಮಗಳು ಇಬ್ಬರ ಹತ್ತಿರವೂ ಕ್ಷಮೆ ಕೇಳಿ. ‘ನೀನು ಆ ಹೊತ್ತಿಗೆ ಫೀಸಿನ ಮಾತೆತ್ತಿದ್ದಕ್ಕೆ’ ಎಂಬ ಬಾಲ ಬೇಡ. ಮಗಳು ತಕ್ಷಣ ನಂಬಲಿಕ್ಕಿಲ್ಲ. ಅದಕ್ಕೂ ಸಿಟ್ಟು ಮಾಡಬೇಡಿ.

ಇಷ್ಟು ಮಾಡಿಯೂ ಹಿಡಿತಕ್ಕೆ ಬರದಿದ್ದರೆ, ಅಥವಾ ಕೈ ಎತ್ತುವ ಮಟ್ಟಕ್ಕೆ ಹೋದರೆ, ತಡಮಾಡದೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಹೆಂಡತಿಗೂ ಕೊಡಿ. ಅವರಿಗೂ ಹೇಳಿಕೊಳ್ಳುವುದು ಇದ್ದೇ ಇರುತ್ತದೆ.